ಕೋಲಾರದಿಂದ ಮಾಮಲ್ಲಪುರಕ್ಕೆ: ಪಲ್ಲವರ ಕಡಲೂರನ್ನು ನೋಡುವ ಕ್ರಮ

ಕೋಲಾರ, ಮುಳಬಾಗಿಲು, ಬಂಗಾರಪೇಟೆ, ಮಾಲೂರು ಕಡೆಯವರಿಗೆ ಮಂಗಳೂರಿನ ಕಡಲಿಗಿಂತ ಮದ್ರಾಸಿನ ಕಡಲು ಹತ್ತಿರ. ಆದ್ದರಿಂದ ನಮ್ಮಲ್ಲಿ ಸಮುದ್ರ ನೋಡಲು ಹೊರಡುವ ಕುಟುಂಬಗಳು ಮತ್ತು ಶಾಲಾ ಪ್ರವಾಸದ ಬಸ್ಸುಗಳು ಹೆಚ್ಚಾಗಿ ಪೂರ್ವದ ದಾರಿಯನ್ನೇ ಹಿಡಿಯುತ್ತವೆ. ತಿರುಪತಿ, ಕಂಚಿ, ಮಹಾಬಲಿಪುರ ಎಂಬ ಮೂರು ಹೆಸರುಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಮೊದಲ ಎರಡು ಊರುಗಳಲ್ಲಿ ದರ್ಶನದ ಸಾಲಿಗೆ ಸಮಯ ಕೊಟ್ಟು, ಮೂರನೆಯದಕ್ಕೆ ಮಧ್ಯಾಹ್ನದ ಸುಡುಬಿಸಿಲಿನ ಎರಡು ಗಂಟೆ ಉಳಿಸಿಕೊಂಡು, ಕಡಲಿನಲ್ಲಿ ಕಾಲು ನೆನೆಸಿ ಹಿಂದಿರುಗುವುದು ರೂಢಿಯಾಗಿದೆ. ಮಹಾಬಲಿಪುರವೆಂದೂ ಕರೆಯುವ ಮಾಮಲ್ಲಪುರಕ್ಕೆ ಇದು ಸಲ್ಲುವ ರೀತಿಯಲ್ಲ. ಆ ಊರಿನಲ್ಲಿ ಎರಡು ರಾತ್ರಿ ತಂಗಬೇಕು. ಅಲ್ಲಿನ ಸ್ಮಾರಕಗಳನ್ನು ವಾಹನ ನಿಲ್ಲುವ ಕ್ರಮದಲ್ಲಿ ನೋಡದೆ, ಕಲ್ಲಿನ ಕೆಲಸ ಬೆಳೆದ ಕ್ರಮದಲ್ಲಿ ನೋಡಬೇಕು. ಈ ಲೇಖನದ ಉದ್ದೇಶ ಆ ಕ್ರಮವನ್ನು ವಿವರಿಸುವುದೇ ಆಗಿದೆ.

ಮೊದಲು ಊರಿನ ಸ್ವರೂಪ. ಮಾಮಲ್ಲಪುರವು ಕಂಚಿಯಿಂದ ಆಳಿದ ಪಲ್ಲವರ ರೇವುಪಟ್ಟಣ. ‘ಮಾಮಲ್ಲ’ ಎಂಬ ಬಿರುದನ್ನು ಹೊತ್ತಿದ್ದ ಒಂದನೆಯ ನರಸಿಂಹವರ್ಮ 630ರಿಂದ 668ರವರೆಗೆ ಆಳಿದನು. ರಾಜಸಿಂಹನೆಂದು ಹೆಸರಾದ ಎರಡನೆಯ ನರಸಿಂಹವರ್ಮನ ಕಾಲ ಎಂಟನೆಯ ಶತಮಾನದ ಆರಂಭದ ದಶಕಗಳವರೆಗೆ ಬರುತ್ತದೆ. ಹೆಚ್ಚು ಕಡಿಮೆ ನೂರು ವರ್ಷಗಳಷ್ಟು ಚಿಕ್ಕ ಅವಧಿಯಲ್ಲಿ ಇಲ್ಲಿನ ಶಿಲ್ಪಿಗಳು ಮೂರು ಬಗೆಯ ಕೆಲಸಗಳನ್ನು ಮಾಡಿ ತೋರಿಸಿದರು: ಬಂಡೆಯ ಮೈಯನ್ನು ಕೊರೆದು ಗುಹಾಲಯಗಳನ್ನೂ ಉಬ್ಬುಶಿಲ್ಪಗಳನ್ನೂ ಮಾಡಿದರು, ನಿಂತ ಬಂಡೆಯನ್ನೇ ಸುತ್ತಲೂ ಕಡೆದು ಏಕಶಿಲಾ ರಥಗಳನ್ನು ಮಾಡಿದರು, ಕೊನೆಗೆ ಕಲ್ಲುಗಳನ್ನು ಕತ್ತರಿಸಿ ತಂದು ಒಂದರ ಮೇಲೊಂದು ಜೋಡಿಸಿ ಕಡಲ ತಡಿಯ ದೇಗುಲವನ್ನು ಕಟ್ಟಿದರು. ಯಾವ ಸ್ಮಾರಕ ಯಾವ ಅರಸನದು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಗುಹೆಯಿಂದ ರಥಕ್ಕೆ, ರಥದಿಂದ ಕಟ್ಟಡಕ್ಕೆ ಎಂಬ ಕೌಶಲದ ನಡಿಗೆಯನ್ನು ನೋಡುವವನ ಕಣ್ಣು ತಾನೇ ಗುರುತಿಸಬಲ್ಲದು. ಈ ಸ್ಮಾರಕ ಸಮೂಹ 1984ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹೊರಡುವ ಮೊದಲು ನಮ್ಮಲ್ಲೇ ನೋಡಬೇಕಾದವು

ಕೋಲಾರ ಸೀಮೆಯವರು ಕಲ್ಲಿಗೆ ಹೊಸಬರಲ್ಲ. ಹೊಲದ ಬೇಲಿಗೂ ದ್ರಾಕ್ಷಿ ಚಪ್ಪರಕ್ಕೂ ಕಲ್ಲಿನ ಕಂಬಗಳನ್ನೇ ನೆಡುವವರು ನಾವು; ಬಂಡೆಯಲ್ಲಿ ಸಾಲಾಗಿ ಗುಳಿ ಹೊಡೆದು, ಅದರಲ್ಲಿ ಬೆಣೆ ಇಳಿಸಿ ಚಪ್ಪಡಿ ಸೀಳುವುದನ್ನು ಕಂಡು ಬೆಳೆದವರು ಹಳ್ಳಿಗಳಲ್ಲಿ ಬಹಳ ಮಂದಿ ಇದ್ದಾರೆ. ಈ ಪರಿಚಯ ಮಾಮಲ್ಲಪುರದಲ್ಲಿ ದೊಡ್ಡ ಸಹಾಯಕ್ಕೆ ಬರುತ್ತದೆ. ಬಾದಾಮಿ, ಐಹೊಳೆಗಳಲ್ಲಿ ಚಾಲುಕ್ಯರ ಶಿಲ್ಪಿಗಳು ಕೆಲಸ ಮಾಡಿದ್ದು ಮೃದುವಾದ ಮರಳುಗಲ್ಲಿನಲ್ಲಿ; ಪಲ್ಲವರ ಶಿಲ್ಪಿಗಳ ಎದುರಿಗೆ ಇದ್ದದ್ದು ನಮ್ಮ ಬೆಟ್ಟಗಳಲ್ಲಿ ಇರುವಂಥದೇ ಗಡಸು ಕಲ್ಲು. ಹೊರಡುವುದಕ್ಕೆ ಮುಂಚಿನ ಯಾವುದಾದರೂ ಭಾನುವಾರ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಅಲ್ಲಿನ ಶಿಲ್ಪಿಗಳು ಉಳಿ, ಸುತ್ತಿಗೆ ಹಿಡಿದು ವಿಗ್ರಹ ಬಿಡಿಸುವುದನ್ನು ಅರ್ಧ ಗಂಟೆ ನಿಂತು ನೋಡುವುದು ಒಳ್ಳೆಯದು. ಕಲ್ಲಿನಿಂದ ಒಂದು ಮೂಗು, ಒಂದು ಬೆರಳು ಹೊರಬರಲು ಎಷ್ಟು ಪೆಟ್ಟು ಬೇಕೆಂದು ಕಂಡ ಮಗುವಿಗೆ ಪಂಚರಥಗಳ ಮುಂದೆ ಯಾರೂ ಏನನ್ನೂ ಹೇಳಿಕೊಡಬೇಕಾಗುವುದಿಲ್ಲ.

ಇನ್ನೊಂದು ತಯಾರಿ ಆವನಿ. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿರುವ ರಾಮಲಿಂಗೇಶ್ವರ ಗುಡಿಗಳ ಸಮೂಹ ನೊಳಂಬರ ಕಾಲದ್ದು. ನೊಳಂಬರು ತಮ್ಮ ಶಾಸನಗಳಲ್ಲಿ ತಾವು ಪಲ್ಲವ ವಂಶದವರೆಂದು ಹೇಳಿಕೊಂಡವರು. ಆವನಿಯ ಗುಡಿಗಳ ಗೋಡೆಗಂಬ, ಕಪೋತ ಎಂಬ ಬಾಗಿದ ಸೂರಂಚು, ಗರ್ಭಗುಡಿಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ವಿಮಾನ ಇವುಗಳನ್ನು ಒಮ್ಮೆ ಗಮನವಿಟ್ಟು ನೋಡಿಕೊಂಡರೆ, ಇವೇ ಅಂಗಗಳು ಆ ಗುಡಿಗಳಿಗಿಂತ ಇನ್ನೂರು ಮುನ್ನೂರು ವರ್ಷ ಮೊದಲೇ ಕಡಲ ತೀರದ ಬಂಡೆಯಲ್ಲಿ ಮೊದಲ ರೂಪ ಪಡೆಯುತ್ತಿದ್ದುದನ್ನು ಅಲ್ಲಿ ಕಾಣಬಹುದು. ಚಿಕ್ಕಬಳ್ಳಾಪುರದ ಕಡೆಯವರಿಗೆ ನಂದಿಯ ಭೋಗನಂದೀಶ್ವರ ದೇವಾಲಯ ಇದೇ ಉಪಯೋಗಕ್ಕೆ ಬರುತ್ತದೆ.

ದಾರಿ, ಕಾಲ, ವಸತಿ

ಕೋಲಾರದಿಂದ ಮುಳಬಾಗಿಲು, ಪಲಮನೇರು, ಚಿತ್ತೂರು, ರಾಣಿಪೇಟೆ, ಕಂಚಿ, ಚೆಂಗಲ್ಪಟ್ಟು ಮಾರ್ಗವಾಗಿ ಮಾಮಲ್ಲಪುರ ಸುಮಾರು 270 ಕಿಲೋಮೀಟರ್. ಸ್ವಂತ ವಾಹನದಲ್ಲಿ ಹೋಗುವವರಿಗೆ ಮದ್ರಾಸ್ ನಗರದ ಒಳಗೆ ಕಾಲಿಡದೆ ಹೋಗುವ ಈ ದಾರಿಯೇ ಉತ್ತಮ. ರೈಲಿನಲ್ಲಿ ಹೋಗುವವರು ಬಂಗಾರಪೇಟೆಯಲ್ಲಿ ಹತ್ತಿ ಚೆನ್ನೈ ತಲುಪಿ, ಅಲ್ಲಿಂದ ಪೂರ್ವ ಕರಾವಳಿ ರಸ್ತೆಯ ಬಸ್ಸಿನಲ್ಲಿ ಐವತ್ತೈದು ಅರವತ್ತು ಕಿಲೋಮೀಟರ್ ದಕ್ಷಿಣಕ್ಕೆ ಬರಬೇಕು. ಹತ್ತಿರದ ದೊಡ್ಡ ರೈಲು ನಿಲ್ದಾಣ ಚೆಂಗಲ್ಪಟ್ಟು. ಮಾತಿನ ತೊಂದರೆ ನಮ್ಮವರಿಗೆ ಅಷ್ಟಾಗಿ ಇರುವುದಿಲ್ಲ. ಕೋಲಾರದ ಮನೆಗಳಲ್ಲಿ ಆಡುವ ತೆಲುಗು ಮತ್ತು ತಮಿಳು ಎರಡೂ ದಾರಿಯುದ್ದಕ್ಕೂ ಕೈಹಿಡಿಯುತ್ತವೆ.

ಕಾಲದ ಆಯ್ಕೆ ಇದಕ್ಕಿಂತ ಮುಖ್ಯ. ಕರ್ನಾಟಕದ ಶಾಲೆಗಳು ಪ್ರವಾಸವನ್ನು ಸಾಮಾನ್ಯವಾಗಿ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಇಟ್ಟುಕೊಳ್ಳುತ್ತವೆ. ನಮಗೆ ಅದು ಹಿತವಾದ ಚಳಿಗಾಲ. ಆದರೆ ತಮಿಳುನಾಡಿನ ಕರಾವಳಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತದ ಮಳೆಗಾಲ, ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲವೂ ಅದೇ. ಆ ದಿನಗಳಲ್ಲಿ ಹೊರಡುವವರು ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಹಿಂದಿನ ದಿನವೂ ಹೊರಡುವ ಬೆಳಗ್ಗೆಯೂ ನೋಡಲೇಬೇಕು, ಎಚ್ಚರಿಕೆ ಇದ್ದರೆ ಪ್ರವಾಸವನ್ನು ಮುಂದೂಡಬೇಕು. ಜನವರಿ ಮತ್ತು ಫೆಬ್ರವರಿ ಎಲ್ಲ ದೃಷ್ಟಿಯಿಂದಲೂ ಸೂಕ್ತ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದಲ್ಲಿ ಬದುಕುವ ನಮಗೆ ಅಲ್ಲಿನ ಬೆವರಿಳಿಸುವ ಸೆಕೆ ಬಹಳ ಕಷ್ಟ ಕೊಡುತ್ತದೆ. ವಯಸ್ಸಾದವರನ್ನು ಆಗ ಕರೆದೊಯ್ಯದಿರುವುದೇ ಕ್ಷೇಮ.

ವಸತಿಯ ವಿಷಯದಲ್ಲಿ ಹೇಳಬೇಕಾದದ್ದು ಒಂದೇ: ಊರಿನ ಒಳಗೆ, ಬಸ್ ನಿಲ್ದಾಣದಿಂದ ನಡೆಯುವ ದೂರದಲ್ಲಿ ಇರಿ. ಹೆದ್ದಾರಿಯ ಬದಿಯ ರೆಸಾರ್ಟುಗಳಲ್ಲಿ ಸೌಕರ್ಯ ಹೆಚ್ಚಿರಬಹುದು, ಆದರೆ ಬೆಳಗಿನ ಆರು ಗಂಟೆಗೆ ಸ್ಮಾರಕದ ಬಾಗಿಲಲ್ಲಿ ನಿಲ್ಲುವುದು ಅಲ್ಲಿಂದ ಆಗುವುದಿಲ್ಲ.

ಸ್ಮಾರಕಗಳು ಬೆಳಗ್ಗೆ 6ರಿಂದ ಸಂಜೆ 6ರವರೆಗೆ ತೆರೆದಿರುತ್ತವೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪ್ರವೇಶ ಚೀಟಿ ಭಾರತೀಯರಿಗೆ 40 ರೂಪಾಯಿ. 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಒಂದೇ ದಿನದಲ್ಲಿ ಪಂಚರಥ ಮತ್ತು ಕಡಲ ತಡಿಯ ದೇಗುಲ ಎರಡಕ್ಕೂ ಅದೇ ಚೀಟಿ ನಡೆಯುವುದರಿಂದ ಜನ ಎರಡನ್ನೂ ಒಂದೇ ಹೊತ್ತಿನಲ್ಲಿ ಮುಗಿಸಲು ಓಡುತ್ತಾರೆ. ಇನ್ನೊಂದು ಚೀಟಿಯ ಹಣ ಹೋದರೂ ಚಿಂತೆಯಿಲ್ಲ, ಅವೆರಡನ್ನು ಬೇರೆ ಬೇರೆ ದಿನ ನೋಡಿ.

ಮೊದಲ ಬೆಳಗು: ಬೆಟ್ಟದ ಮೈ

ಹಿಂದಿನ ಸಂಜೆ ಊರು ಸೇರಿ ವಿಶ್ರಮಿಸಿ, ಮೊದಲ ಬೆಳಗ್ಗೆ ನೇರವಾಗಿ ‘ಅರ್ಜುನನ ತಪಸ್ಸು’ ಎಂದು ಹೆಸರಾದ ದೊಡ್ಡ ಉಬ್ಬುಶಿಲ್ಪದ ಎದುರಿಗೆ ಹೋಗಬೇಕು. ಅದು ಪೂರ್ವಾಭಿಮುಖವಾಗಿರುವುದರಿಂದ ಕಡಲಿನಿಂದ ಏರುವ ಸೂರ್ಯನ ಓರೆ ಬೆಳಕು ಅದರ ಮೇಲೆ ಬೀಳುವ ಮೊದಲ ಒಂದೂವರೆ ಗಂಟೆಯಲ್ಲಿ ಪ್ರತಿಯೊಂದು ಆಕೃತಿಯೂ ಬಂಡೆಯಿಂದ ಬೇರೆಯಾಗಿ ಕಾಣುತ್ತದೆ; ಮಧ್ಯಾಹ್ನದ ಹೊತ್ತಿಗೆ ಇಡೀ ಬಂಡೆ ಚಪ್ಪಟೆಯಾಗಿ ಬಿಡುತ್ತದೆ. ಸುಮಾರು 30 ಮೀಟರ್ ಅಗಲದ ಈ ಶಿಲ್ಪ ಎರಡು ಅಕ್ಕಪಕ್ಕದ ಬಂಡೆಗಳ ಮೇಲೆ ಹರಡಿದೆ, ಅವುಗಳ ನಡುವೆ ಸಹಜವಾದ ಸೀಳೊಂದಿದೆ. ನೋಡಲು ಆರಂಭಿಸಬೇಕಾದ ಸ್ಥಳ ಆ ಸೀಳೇ. ಅದರಲ್ಲಿ ನಾಗರಾಜ ಮತ್ತು ನಾಗಿನಿಯರು ಕೈಮುಗಿದು ಮೇಲಕ್ಕೆ ಈಜುತ್ತಿದ್ದಾರೆ. ಬಂಡೆಯ ನೆತ್ತಿಯಲ್ಲಿ ನೀರು ತುಂಬಿಸುವ ತೊಟ್ಟಿಯ ಗುರುತುಗಳಿದ್ದು, ವಿಶೇಷ ದಿನಗಳಲ್ಲಿ ಸೀಳಿನೊಳಗೆ ನಿಜವಾದ ನೀರನ್ನೇ ಹರಿಸುತ್ತಿದ್ದಿರಬೇಕೆಂದು ತಜ್ಞರು ತರ್ಕಿಸುತ್ತಾರೆ. ಎರಡೂ ಬದಿಯ ದೇವತೆಗಳು, ಗಂಧರ್ವರು, ಋಷಿಗಳು, ಪ್ರಾಣಿಗಳು ಎಲ್ಲರೂ ಆ ಸೀಳಿನ ಕಡೆಗೇ ಬರುತ್ತಿದ್ದಾರೆ.

ಸೀಳಿನ ಎಡಕ್ಕೆ, ಮೇಲ್ಭಾಗದಲ್ಲಿ, ಒಂಟಿ ಕಾಲಿನಲ್ಲಿ ನಿಂತು ಕೈಗಳನ್ನು ಮೇಲೆತ್ತಿರುವ ತಪಸ್ವಿ, ಅವನ ಪಕ್ಕದಲ್ಲಿ ವರದಹಸ್ತನಾದ ಶಿವ, ಸುತ್ತ ಕುಳ್ಳ ಗಣಗಳು. ಆ ತಪಸ್ವಿ ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ ಅರ್ಜುನನೆಂದು ಕೆಲವರು, ಗಂಗೆಯನ್ನು ಇಳಿಸಿದ ಭಗೀರಥನೆಂದು ಕೆಲವರು ಹೇಳುತ್ತಾರೆ. ಕೋಲಾರದವರಿಗೆ ಈ ಎರಡು ಕಥೆಗಳೂ ಮನೆಯವೇ. ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರನ್ನು ಗಂಗೆಯೆಂದೇ ನಂಬಿ ತಲೆಗೆ ಚಿಮುಕಿಸಿಕೊಳ್ಳುವವರು ನಾವು. ಕುವಲಾಲ ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ಕೋಲಾರ ಗಂಗ ಅರಸರ ಮೊದಲ ರಾಜಧಾನಿ. ಅದೇ ಗಂಗ ವಂಶದ ದುರ್ವಿನೀತನು, ಅರ್ಜುನ ಮತ್ತು ಕಿರಾತರೂಪದ ಶಿವನ ಕಥೆಯನ್ನು ಹೇಳುವ ಭಾರವಿಯ ಕಾವ್ಯದ 15ನೆಯ ಸರ್ಗಕ್ಕೆ ಟೀಕೆ ಬರೆದನೆಂದು ಗಂಗರ ತಾಮ್ರಪಟಗಳು ತಿಳಿಸುತ್ತವೆ. ಈ ಬಂಡೆಯನ್ನು ಕಡೆಯುವುದಕ್ಕೆ ಬಹಳ ಮುಂಚೆಯೇ ಅದರ ಕಥೆ ಗಂಗರ ಅರಮನೆಯಲ್ಲಿ ಓದಿಗೆ ವಿಷಯವಾಗಿತ್ತು ಎಂಬುದನ್ನು ಇಲ್ಲಿ ನಿಂತು ನೆನೆಯಬೇಕು.

ಮಕ್ಕಳಿಗೆ ತೋರಿಸಬೇಕಾದವು ಕೆಳಭಾಗದಲ್ಲಿವೆ. ನದಿಯ ದಡದಲ್ಲಿ ಒಬ್ಬನು ಸ್ನಾನ ಮಾಡಿ ಬಟ್ಟೆ ಹಿಂಡುತ್ತಿದ್ದಾನೆ, ಇನ್ನೊಬ್ಬನು ನೀರಿನ ಕೊಡವನ್ನು ಹೊತ್ತಿದ್ದಾನೆ; ಚಿಕ್ಕ ವಿಷ್ಣು ಗುಡಿಯ ಮುಂದೆ ಋಷಿಯೊಬ್ಬನು ಕುಳಿತಿದ್ದಾನೆ; ಬಲಗಡೆ ದೊಡ್ಡ ಆನೆಗಳು, ಅವುಗಳ ಕಾಲಿನ ಸಂದಿಯಲ್ಲಿ ಮರಿಗಳು. ಆನೆಯ ದಂತದ ಹತ್ತಿರ ಕಣ್ಣು ಹಾಯಿಸಿದರೆ ತಪಸ್ವಿಯಂತೆಯೇ ಮುಂಗಾಲುಗಳನ್ನು ಎತ್ತಿ ನಿಂತ ಬೆಕ್ಕೊಂದು, ಅದನ್ನು ನಂಬಿ ಸುತ್ತ ಸೇರಿದ ಇಲಿಗಳು ಕಾಣುತ್ತವೆ. ಮೇಲೆ ನಡೆಯುತ್ತಿರುವ ಮಹಾ ತಪಸ್ಸಿನ ಕೆಳಗೇ ಕಪಟ ತಪಸ್ಸನ್ನೂ ಕಡೆದಿಟ್ಟ ಶಿಲ್ಪಿಯ ಧೈರ್ಯ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ.

ಪಕ್ಕದ ಕೃಷ್ಣ ಮಂಟಪದ ಒಳಗೆ ಗೋವರ್ಧನವನ್ನೆತ್ತಿದ ಕೃಷ್ಣನಿದ್ದಾನೆ. ಮುಂದಿನ ಕಂಬಗಳ ಸಾಲು ವಿಜಯನಗರದ ಕಾಲದಲ್ಲಿ ಸೇರಿಸಿದ್ದು. ಅದನ್ನು ದಾಟಿ ಹಿಂದಿನ ಬಂಡೆಗೆ ಹೋಗಿ, ಹಾಲು ಕರೆಯುವ ಗೊಲ್ಲನನ್ನೂ ಕರುವನ್ನು ನೆಕ್ಕುವ ಹಸುವನ್ನೂ ನೋಡಬೇಕು. ಇದೇ ಬೀದಿಯಲ್ಲಿ ದಕ್ಷಿಣಕ್ಕೆ ನಡೆದರೆ ಅರ್ಜುನನ ತಪಸ್ಸಿನದೇ ವಿಷಯವನ್ನು ಇಟ್ಟುಕೊಂಡು ಆರಂಭಿಸಿ ಅರ್ಧಕ್ಕೆ ಬಿಟ್ಟ ಇನ್ನೊಂದು ಬಂಡೆ ಸಿಗುತ್ತದೆ. ಪ್ರವಾಸಿಗಳಲ್ಲಿ ಬಹುಮಂದಿ ಇದರತ್ತ ತಿರುಗಿಯೂ ನೋಡುವುದಿಲ್ಲ, ಆದರೆ ಕೆಲಸದ ರೀತಿಯನ್ನು ಕಲಿಯುವವರಿಗೆ ಮುಗಿಯದ ಬಂಡೆಯೇ ಹೆಚ್ಚು ಕಲಿಸುತ್ತದೆ. ಬೆಟ್ಟದ ಮೇಲಿನ ಅಪೂರ್ಣ ಗುಹೆಗಳಲ್ಲಿಯೂ ಕಲ್ಲಿನ ಮೈಯನ್ನು ಚೌಕಚೌಕವಾಗಿ ಗೆರೆ ಕೊರೆದು ವಿಭಾಗಿಸಿ, ಚೌಕದ ಸುತ್ತಲಿನ ಗೆರೆಯನ್ನು ಆಳಮಾಡಿ, ನಡುವೆ ಉಳಿದ ತುಂಡನ್ನು ಒಡೆದು ತೆಗೆಯುತ್ತಾ ಒಳಗೆ ಸಾಗಿದ ಗುರುತುಗಳು ಹಾಗೆಯೇ ಉಳಿದಿವೆ. ಬೆಣೆ ಇಳಿಸಿದ ಗುಳಿಗಳ ಸಾಲನ್ನು ನಮ್ಮವರು ಯಾರ ಸಹಾಯವೂ ಇಲ್ಲದೆ ಗುರುತಿಸುತ್ತಾರೆ.

ಬೆಟ್ಟದ ಮೇಲೆ ಎರಡು ಗುಹಾಲಯಗಳನ್ನು ತಪ್ಪಿಸಬಾರದು. ವರಾಹ ಗುಹೆಯಲ್ಲಿ ಭೂದೇವಿಯನ್ನೆತ್ತಿದ ವರಾಹ, ತ್ರಿವಿಕ್ರಮ, ಗಜಲಕ್ಷ್ಮಿ, ದುರ್ಗೆ ಈ ನಾಲ್ಕು ಫಲಕಗಳಿವೆ. ಕಂಬಗಳ ಬುಡದಲ್ಲಿ ಕುಳಿತ ಸಿಂಹಗಳು ಪಲ್ಲವರ ಗುರುತು. ಹಡಗುಗಳಿಗೆ ದಾರಿ ತೋರುವ ದೀಪಸ್ತಂಭದ (ಲೈಟ್‌ಹೌಸ್) ಹತ್ತಿರದ ಮಹಿಷಮರ್ದಿನಿ ಗುಹೆ ಇನ್ನೂ ಹೆಚ್ಚಿನದು. ಅದರ ಒಂದು ಗೋಡೆಯಲ್ಲಿ ಸಿಂಹವನ್ನೇರಿ ಬಿಲ್ಲೆಳೆದು ನುಗ್ಗುವ ದುರ್ಗೆ, ಎದುರಿಗೆ ಕೋಣನ ತಲೆಯ ಮಹಿಷ. ಅವನು ಇನ್ನೂ ಸತ್ತಿಲ್ಲ, ಗದೆ ಹಿಡಿದು ಒಂದು ಹೆಜ್ಜೆ ಹಿಂದೆ ವಾಲಿದ್ದಾನೆ, ಅಷ್ಟೆ. ಎದುರು ಗೋಡೆಯಲ್ಲಿ ಶೇಷನ ಮೇಲೆ ಮಲಗಿದ ವಿಷ್ಣುವಿನ ನಿಶ್ಚಲತೆ. ಒಂದೇ ಕೋಣೆಯಲ್ಲಿ ಯುದ್ಧವನ್ನೂ ನಿದ್ರೆಯನ್ನೂ ಎದುರುಬದುರು ಇಟ್ಟ ಈ ಯೋಜನೆಗೆ ಸಮನಾದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಕೋಲಾರಮ್ಮನ ಗುಡಿಯಲ್ಲಿ ದೇವಿಯನ್ನು ಕುಂಕುಮ, ಹೂವುಗಳ ನಡುವೆ ನೋಡಿ ಬೆಳೆದವರಿಗೆ ಪೂಜೆಯಿಲ್ಲದ ಈ ದುರ್ಗೆಯ ಮುಂದೆ ಮೊದಲು ಏನೋ ಕೊರತೆ ಅನ್ನಿಸಬಹುದು. ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಆ ಕೊರತೆ ಹೋಗುತ್ತದೆ.

ಕೃಷ್ಣನ ಬೆಣ್ಣೆಯುಂಡೆ ಎಂಬ ಜಾರುಬಂಡೆಯ ಮೇಲಿನ ದೊಡ್ಡ ಗುಂಡುಕಲ್ಲಿಗೆ ಹತ್ತು ನಿಮಿಷ ಸಾಕು. ಅಂತರಗಂಗೆಯ ಬೆಟ್ಟದಲ್ಲಿಯೂ ತೇರಹಳ್ಳಿಯ ದಾರಿಯಲ್ಲಿಯೂ ಇಂಥ ಗುಂಡುಗಳನ್ನು ನಾವು ಎಷ್ಟೋ ಕಂಡಿದ್ದೇವೆ. ಹತ್ತಿರದ ಗಣೇಶ ರಥವನ್ನು ಮಾತ್ರ ಸುತ್ತು ಹಾಕಿ ನೋಡಿ, ಏಕೆಂದರೆ ಮಧ್ಯಾಹ್ನ ನೋಡಲಿರುವ ಏಕಶಿಲಾ ರಥಗಳಿಗೆ ಅದು ಒಳ್ಳೆಯ ಪ್ರವೇಶ. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಬಂಡೆ ಕಾಯುತ್ತದೆ. ಅಷ್ಟರಲ್ಲಿ ಕೆಳಗಿಳಿದು ವಸತಿಗೆ ಹೋಗಬೇಕು. ಮೆಟ್ಟಿಲು ಹತ್ತಲಾಗದ ಹಿರಿಯರು ಈ ಸಮಯದಲ್ಲಿ ಉಬ್ಬುಶಿಲ್ಪದ ಸಮೀಪದಲ್ಲೇ ಇರುವ ಸ್ಥಲಶಯನ ಪೆರುಮಾಳ್ ದೇವಾಲಯಕ್ಕೆ ಹೋಗಬಹುದು. ಅದು ಆಳ್ವಾರರು ಹಾಡಿದ 108 ವಿಷ್ಣು ಕ್ಷೇತ್ರಗಳಾದ ದಿವ್ಯದೇಶಗಳಲ್ಲಿ ಒಂದು, ಇಂದಿಗೂ ಪೂಜೆ ನಡೆಯುವ ಗುಡಿ.

ಅದೇ ದಿನದ ಮಧ್ಯಾಹ್ನ: ಪಂಚರಥಗಳು

ಪಂಚರಥಗಳಿಗೆ ಮೂರೂವರೆ ಗಂಟೆಯ ನಂತರ ಹೋಗಬೇಕು. ಊರಿನ ದಕ್ಷಿಣಕ್ಕೆ ಒಂದೂವರೆ ಕಿಲೋಮೀಟರ್ ದೂರ. ನೆಲ ಸಮತಟ್ಟಾಗಿರುವುದರಿಂದ ಹಿರಿಯರಿಗೂ ತೊಂದರೆಯಿಲ್ಲ. ಸಾಲಾಗಿ ನಿಂತ ನಾಲ್ಕು ರಥಗಳು ಪಶ್ಚಿಮಕ್ಕೆ ಮುಖಮಾಡಿರುವುದರಿಂದ ಇಳಿಬಿಸಿಲು ಅವುಗಳ ಎದುರು ಭಾಗದ ಮೇಲೆ ನೇರವಾಗಿ ಬೀಳುತ್ತದೆ. ಪಾಂಡವರಿಗೂ ಈ ಗುಡಿಗಳಿಗೂ ನಿಜವಾದ ಸಂಬಂಧವಿಲ್ಲ; ಹೆಸರುಗಳು ಜನ ಇಟ್ಟವು.

ಬಾಗಿಲಿನಲ್ಲಿ ನಿಂತ ಕೂಡಲೇ ಗಮನಿಸಬೇಕಾದ ಸಂಗತಿ ಎಂದರೆ, ಆ ನಾಲ್ಕು ರಥಗಳೂ ಉತ್ತರದಿಂದ ದಕ್ಷಿಣಕ್ಕೆ ಎತ್ತರವಾಗುತ್ತಾ ಹೋಗುವ ಒಂದೇ ಬಂಡೆಯ ದಿಬ್ಬದಿಂದ ಬಂದವು. ಬಂಡೆ ತಗ್ಗಿದ್ದಲ್ಲಿ ಗುಡಿಸಿಲಿನ ಆಕಾರದ ಚಿಕ್ಕ ದ್ರೌಪದಿ ರಥ, ಎತ್ತರವಿದ್ದಲ್ಲಿ ಮೂರು ಅಂತಸ್ತಿನ ಧರ್ಮರಾಜ ರಥ. ಶಿಲ್ಪಿಗಳು ಕೆಲಸವನ್ನು ನೆತ್ತಿಯಿಂದ ಆರಂಭಿಸಿ ಕೆಳಕ್ಕೆ ಇಳಿದರು. ಆದ್ದರಿಂದಲೇ ಶಿಖರಗಳು ನಯವಾಗಿ ಮುಗಿದಿದ್ದರೂ ಭೀಮ ರಥದ ಕೆಳಭಾಗ ಇನ್ನೂ ಒರಟು ಬಂಡೆಯಾಗಿಯೇ ಇದೆ. ಮೇಲಿನಿಂದ ಬರುವ ಕೆಲಸದಲ್ಲಿ ಒಂದು ಪೆಟ್ಟು ಹೆಚ್ಚಾದರೆ ಸರಿಪಡಿಸಲು ಕಲ್ಲು ಉಳಿದಿರುವುದಿಲ್ಲ, ಕಟ್ಟಡದಲ್ಲಾದರೆ ಒಡೆದ ಕಲ್ಲನ್ನು ತೆಗೆದು ಬೇರೊಂದನ್ನು ಇಡಬಹುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರತಿ ರಥವನ್ನೂ ಪೂರ್ತಿ ಸುತ್ತಬೇಕು, ಎದುರಿಗೆ ನಿಂತು ಫೋಟೊ ತೆಗೆದು ಹೊರಡಬಾರದು.

ದ್ರೌಪದಿ ರಥದ ಒಳಗೋಡೆಯಲ್ಲಿ ದುರ್ಗೆ ನಿಂತಿದ್ದಾಳೆ, ಅವಳ ಪಾದದ ಬಳಿ ತನ್ನ ತಲೆಯನ್ನೇ ಅರ್ಪಿಸಲು ಸಿದ್ಧನಾದ ಭಕ್ತನಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಆತ್ಮಬಲಿಯ ವೀರಗಲ್ಲುಗಳನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ. ಹಿಂಬದಿಗೆ ಹೋದರೆ ಅರ್ಜುನ ರಥದ ಹಿಂದೆ ಬಂಡೆಯಲ್ಲೇ ಕಡೆದ ದೊಡ್ಡ ನಂದಿ. ಭೀಮ ರಥದ ಮೇಲ್ಛಾವಣಿ ಬಂಡಿಯ ಕಮಾನಿನಂತೆ ಉದ್ದಕ್ಕೆ ಬಾಗಿದೆ. ಮರ, ಹುಲ್ಲುಗಳಿಂದ ಕಟ್ಟುತ್ತಿದ್ದ ಹಳೆಯ ಮನೆಗಳ ರೂಪವನ್ನು ಕಲ್ಲಿನಲ್ಲಿ ಉಳಿಸಿಕೊಂಡ ಬಗೆ ಇದು. ಸಾಲಿನಿಂದ ಹೊರಗೆ ನಿಂತ ನಕುಲ ಸಹದೇವ ರಥದ ಹಿಂಭಾಗ ಅರ್ಧವೃತ್ತಾಕಾರದಲ್ಲಿದೆ. ವಾಸ್ತುಶಾಸ್ತ್ರದಲ್ಲಿ ಈ ಆಕಾರವನ್ನು ಗಜಪೃಷ್ಠ ಎನ್ನುತ್ತಾರೆ. ಅದರ ಪಕ್ಕದಲ್ಲಿಯೇ ಪೂರ್ಣ ಗಾತ್ರದ ಕಲ್ಲಾನೆಯನ್ನು ನಿಲ್ಲಿಸಿರುವುದರಿಂದ ಎರಡು ಬೆನ್ನುಗಳನ್ನೂ ಒಟ್ಟಿಗೆ ನೋಡಿ ಹೋಲಿಸಬಹುದು.

ಉಳಿದ ಸಮಯವೆಲ್ಲ ಧರ್ಮರಾಜ ರಥಕ್ಕೆ ಕೊಡಿ. ಕೆಳ ಅಂತಸ್ತಿನ ಮೂಲೆಗಳಲ್ಲಿ ಹರಿಹರ, ಅರ್ಧನಾರೀಶ್ವರ ಮುಂತಾದ ವಿಗ್ರಹಗಳಿವೆ. ಅವುಗಳ ನಡುವೆ ಆಯುಧವಿಲ್ಲದೆ ನೇರವಾಗಿ ನಿಂತ ಒಂದು ಆಕೃತಿಯನ್ನು ನರಸಿಂಹವರ್ಮನದೇ ಎಂದು ಗುರುತಿಸುತ್ತಾರೆ. ಅರಸನ ಬಿರುದುಗಳು, ತಮಿಳು ನಾಡಿನಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥ ಲಿಪಿಯ ಪಲ್ಲವ ರೂಪದಲ್ಲಿ, ಗೋಡೆಯ ಮೇಲಿವೆ. ಕನ್ನಡಿಗರು ಈ ವಿಗ್ರಹದ ಮುಂದೆ ಒಂದು ವಿಷಯವನ್ನು ನೆನೆಯದೆ ಮುಂದೆ ಹೋಗುವುದು ಸಾಧ್ಯವಿಲ್ಲ: ಇಮ್ಮಡಿ ಪುಲಕೇಶಿಯನ್ನು ಸೋಲಿಸಿ 642ರಲ್ಲಿ ಬಾದಾಮಿಯನ್ನು ಹಿಡಿದು, ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನವನ್ನು ಬರೆಸಿದವನು ಇವನೇ. ಆ ಕಥೆಯ ಮುಂದಿನ ಭಾಗ ಕಂಚಿಯಲ್ಲಿದೆ, ಹಿಂದಿರುಗುವಾಗ ಅದನ್ನು ಓದಲಿಕ್ಕಿದೆ.

ಎರಡನೆಯ ಬೆಳಗು: ಕಡಲ ತಡಿಯ ದೇಗುಲ

ಕತ್ತರಿಸಿದ ಕಲ್ಲುಗಳಿಂದ ಕಟ್ಟಿದ ಈ ದೇವಾಲಯವನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂದು ನಾನು ಒತ್ತಿ ಹೇಳುವುದು ಏಕೆಂದರೆ, ಗುಹೆ ಮತ್ತು ರಥಗಳನ್ನು ನೋಡಿದ ಮೇಲೆ ಮಾತ್ರ ಇಲ್ಲಿ ಆದ ಬದಲಾವಣೆಯ ಪ್ರಮಾಣ ಅರ್ಥವಾಗುತ್ತದೆ. ಬಂಡೆ ಎಲ್ಲಿದೆಯೋ ಅಲ್ಲಿಯೇ ಗುಡಿ ಎಂಬ ನಿಯಮವನ್ನು ರಾಜಸಿಂಹನ ಶಿಲ್ಪಿಗಳು ದಾಟಿದರು. ತಮಗೆ ಬೇಕಾದ ಕಡೆ, ಅಲೆಗಳ ಅಂಚಿನಲ್ಲಿಯೇ, ಗುಡಿಯನ್ನು ಎತ್ತಿ ನಿಲ್ಲಿಸಿದರು. ಎರಡು ಶಿವಾಲಯಗಳು, ಒಂದು ಪೂರ್ವಕ್ಕೆ ಕಡಲಿಗೆ ಮುಖವಾಗಿ, ಇನ್ನೊಂದು ಪಶ್ಚಿಮಕ್ಕೆ ಊರಿಗೆ ಮುಖವಾಗಿ. ಅವುಗಳ ನಡುವೆ ಹಾಸುಬಂಡೆಯಲ್ಲೇ ಕಡೆದ ಮಲಗಿದ ವಿಷ್ಣು. ದೊಡ್ಡ ಗರ್ಭಗುಡಿಯಲ್ಲಿ ಪಟ್ಟಿಪಟ್ಟಿಯಾಗಿ ಕಡೆದ ಲಿಂಗ, ಅದರ ಹಿಂದಿನ ಗೋಡೆಯಲ್ಲಿ ಶಿವ, ಪಾರ್ವತಿ ಮತ್ತು ಮಗು ಸ್ಕಂದ ಒಟ್ಟಿಗೆ ಕುಳಿತ ಸೋಮಾಸ್ಕಂದ ಫಲಕ. ಬೆಳಗ್ಗೆ ಆರಕ್ಕೆ ಬಾಗಿಲು ತೆರೆದ ಕೂಡಲೇ ಒಳಗಿದ್ದರೆ ಏಳುವ ಸೂರ್ಯನ ಬೆಳಕು ಈ ಪೂರ್ವದ ಬಾಗಿಲನ್ನು ತಲುಪುವುದನ್ನು ನೋಡಬಹುದು.

ಗೋಡೆಯ ಶಿಲ್ಪಗಳು ಹಲವು ಕಡೆ ಕರಗಿ ಹೋದಂತಿವೆ. ಕಲ್ಲಿನೊಳಗೆ ಇಳಿದ ಉಪ್ಪು ಒಣಗಿದಾಗ ಹರಳುಗಟ್ಟಿ ಮೇಲ್ಪದರವನ್ನು ಒಡೆಯುತ್ತದೆ, ಮರಳನ್ನು ಹೊತ್ತ ಗಾಳಿ ಅದನ್ನು ಉಜ್ಜುತ್ತದೆ. ಕಡಲಿನ ಕಡೆಗೆ ಬಂಡೆಗಳನ್ನು ಒಟ್ಟಿ ಅಲೆಗಳನ್ನು ತಡೆದಿದ್ದಾರೆ, ಗಾಳಿಗೆ ಅಡ್ಡವಾಗಿ ಸರ್ವೆ ಮರಗಳನ್ನು ಬೆಳೆಸಿದ್ದಾರೆ, ಕಲ್ಲಿನೊಳಗಿನ ಉಪ್ಪನ್ನು ಹೀರಲು ಕಾಗದದ ತಿರುಳನ್ನು ಮೆತ್ತುವ ಚಿಕಿತ್ಸೆಯನ್ನೂ ಪುರಾತತ್ತ್ವ ಇಲಾಖೆ ಮಾಡುತ್ತದೆ. ಇಷ್ಟು ಕಷ್ಟಪಟ್ಟು ಉಳಿಸುತ್ತಿರುವ ಗೋಡೆಗೆ ಒರಗುವುದು, ಸಿಂಹದ ಬೆನ್ನ ಮೇಲೆ ಮಗುವನ್ನು ಕೂರಿಸುವುದು ಬೇಡ. ಮುಟ್ಟುವ ಪ್ರತಿ ಕೈಯೂ ಗಾಳಿಯ ಕೆಲಸಕ್ಕೆ ನೆರವಾಗುತ್ತದೆ.

ಕಡಲಿನ ಬಗ್ಗೆ ಕಟ್ಟುನಿಟ್ಟಾದ ಮಾತೊಂದಿದೆ. ನಮ್ಮ ಮಕ್ಕಳು ಕೆರೆಯ ನೀರನ್ನು ಬಲ್ಲರು, ಕಡಲಿನ ನೀರನ್ನು ಅರಿಯರು. ಈ ತೀರದಲ್ಲಿ ಸೆಳೆತ ಬಲವಾಗಿದೆ. ಹಿಂದಿರುಗುವ ಅಲೆ ಕಾಲಿನ ಕೆಳಗಿನ ಮರಳನ್ನು ಎಳೆದುಕೊಂಡು ನಿಂತವನನ್ನೇ ಬೀಳಿಸುತ್ತದೆ. ಈಜು ಬಂದರೂ ಇಳಿಯಬಾರದು. ಪಾದ ಮುಳುಗುವಷ್ಟರಲ್ಲಿ ನಿಲ್ಲಬೇಕು, ಚಿಕ್ಕವರ ಕೈಯನ್ನು ದೊಡ್ಡವರೊಬ್ಬರು ಹಿಡಿದಿರಬೇಕು, ಶಾಲಾ ತಂಡವಾದರೆ ಶಿಕ್ಷಕರು ಕಡಲಿನ ಕಡೆಗೆ ನಿಂತು ಮಕ್ಕಳನ್ನು ದಡದ ಕಡೆಗೆ ಇರಿಸಿಕೊಳ್ಳಬೇಕು.

ಎಂಟು ಗಂಟೆಯ ಹೊತ್ತಿಗೆ ಇಲ್ಲಿಂದ ಹೊರಟು ಉತ್ತರಕ್ಕೆ ಸುಮಾರು ಐದು ಕಿಲೋಮೀಟರ್ ದೂರದ ಸಾಳುವನ್ ಕುಪ್ಪಕ್ಕೆ ಹೋಗಬಹುದು. ಹುಲಿಗುಹೆ ಎಂದು ಕರೆಯುವ ಬಂಡೆಯ ಬಾಯಿಯ ಸುತ್ತ ಯಾಳಿ ಎಂಬ ಸಿಂಹದಂಥ ಕಲ್ಪಿತ ಪ್ರಾಣಿಯ ಮುಖಗಳ ಮಾಲೆಯಿದೆ. ಸಮೀಪದ ಅತಿರಣಚಂಡ ಗುಹಾಲಯದಲ್ಲಿ ಒಂದೇ ಶಾಸನವನ್ನು ಒಂದು ಗೋಡೆಯಲ್ಲಿ ಗ್ರಂಥ ಲಿಪಿಯಲ್ಲಿಯೂ ಇನ್ನೊಂದರಲ್ಲಿ ನಾಗರಿಯಲ್ಲಿಯೂ ಕೊರೆದಿದ್ದಾರೆ. 2004ರ ಡಿಸೆಂಬರ್ 26ರ ಸುನಾಮಿ ಇಲ್ಲಿನ ಮರಳನ್ನು ಕೆದರಿದಾಗ ಬಂಡೆಯೊಂದರ ಮೇಲೆ ಶಾಸನ ಕಾಣಿಸಿಕೊಂಡಿತು. ಅದರ ಜಾಡು ಹಿಡಿದು 2005ರಲ್ಲಿ ಅಗೆದಾಗ ಮುರುಗನ್ ದೇವಾಲಯದ ಅವಶೇಷಗಳು ಹೊರಬಂದವು. ಪಲ್ಲವರ ಕಲ್ಲಿನ ಪದರದ ಕೆಳಗೆ ಅದಕ್ಕಿಂತ ಹಳೆಯ ಇಟ್ಟಿಗೆಯ ಕಟ್ಟಡವಿತ್ತು. ಎದುರಿಗೆ ಮುರುಗನ್‌ನ ಈಟಿಯಾದ ವೇಲಾಯುಧ ಕಲ್ಲಿನಲ್ಲಿ ಇಂದಿಗೂ ನಿಂತಿದೆ.

ಶಿಲ್ಪ ಕೊಳ್ಳುವ ಆಸೆಯಿದ್ದವರಿಗೆ ಊರಿನ ಬೀದಿಗಳಲ್ಲಿ ಕಾರ್ಯಾಗಾರಗಳು ಧಾರಾಳವಾಗಿವೆ. ಪುಡಿಯನ್ನು ಅಚ್ಚಿಗೆ ಹಾಕಿ ತೆಗೆದ ಬೊಂಬೆಗಳನ್ನು ಬಿಟ್ಟು, ಉಳಿಯ ಗುರುತು ಕಾಣುವ, ಎದುರಿಗೇ ಕೆಲಸ ನಡೆಯುತ್ತಿರುವ ಕಡೆ ಕೊಳ್ಳಿ. ಉಗುರಿನಿಂದ ಗೀರಿದರೆ ಗೆರೆ ಮೂಡುವುದು ಬಳಪದ ಕಲ್ಲು. ದೊಡ್ಡ ವಿಗ್ರಹ ಬೇಕಾದವರು ಶಿವಾರಪಟ್ಟಣದಲ್ಲೇ ಮಾಡಿಸುವುದು ನ್ಯಾಯ.

ಹಿಂದಿರುಗುವ ದಾರಿ

ಸಮಯವಿದ್ದವರು ದಕ್ಷಿಣಕ್ಕೆ ಕಲ್ಪಾಕ್ಕಂ ಆಚೆಯ ವಯಲೂರಿನವರೆಗೆ ಹೋಗಿಬರಬಹುದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ನಮ್ಮ ಬೇತಮಂಗಲದ ಕೆರೆಯನ್ನು ತುಂಬಿ, ಮೂರು ರಾಜ್ಯಗಳಲ್ಲಿ 348 ಕಿಲೋಮೀಟರ್ ಹರಿಯುವ ಪಾಲಾರ್ ನದಿ ಕಡಲು ಸೇರುವುದು ಅಲ್ಲಿ. ವರ್ಷದ ಬಹುಪಾಲು ಅದು ಮರಳಿನ ಹರವಾಗಿಯೇ ಇರುತ್ತದೆ. ಪಲ್ಲವರ ನಾಡು ನೀರು ಕುಡಿದದ್ದು ನಮ್ಮ ಮೇಲ್ನಾಡಿನಿಂದ ಇಳಿದ ಈ ಹೊಳೆಯದು.

ಎಲ್ಲರೂ ನಿಲ್ಲಬೇಕಾದದ್ದು ಕಂಚಿಯ ಕೈಲಾಸನಾಥ ದೇವಾಲಯದಲ್ಲಿ. ಮಧ್ಯಾಹ್ನ ಅದು ಮುಚ್ಚಿರುವುದರಿಂದ ನಾಲ್ಕು ಗಂಟೆಯ ಹೊತ್ತಿಗೆ ಅಲ್ಲಿಗೆ ತಲುಪುವಂತೆ ಹೊರಡಿ. ಕಡಲ ತಡಿಯ ದೇಗುಲವನ್ನು ಕಟ್ಟಿಸಿದ ರಾಜಸಿಂಹನೇ ಇದನ್ನೂ ಕಟ್ಟಿಸಿದನು, ರಾಜಸಿಂಹೇಶ್ವರ ಎಂಬುದು ಇದರ ಹಳೆಯ ಹೆಸರು. ನರಸಿಂಹವರ್ಮನು ಬಾದಾಮಿಯನ್ನು ಹಿಡಿದ ಸುಮಾರು ನೂರು ವರ್ಷಗಳ ಮೇಲೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದನು. ಗೆದ್ದವನು ಊರನ್ನು ಸುಡಲಿಲ್ಲ. ಈ ದೇವಾಲಯದ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಹಿಂದಿರುಗಿಸಿದನು, ಆ ವಿಷಯವನ್ನು ಕನ್ನಡ ಶಾಸನವಾಗಿ ಮಂಟಪದ ಕಂಬದ ಮೇಲೆ ಬರೆಸಿದನು. ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ, ಇಂದು ವಿರೂಪಾಕ್ಷ ಎಂದು ಕರೆಯುವ ದೇವಾಲಯದಲ್ಲಿ ಕೈಲಾಸನಾಥದ ಛಾಯೆ ಸ್ಪಷ್ಟವಾಗಿದೆ. ಕಂಬವನ್ನು ತೋರಿಸುವಂತೆ ಅಲ್ಲಿನ ಕಾವಲುಗಾರರನ್ನು ಕೇಳಿ, ಎಂಟನೆಯ ಶತಮಾನದ ಕನ್ನಡ ಅಕ್ಷರಗಳನ್ನು ಮಕ್ಕಳಿಗೆ ತೋರಿಸಿ. ಒಂದೆರಡು ಅಕ್ಷರಗಳನ್ನಾದರೂ ಅವರು ಗುರುತು ಹಿಡಿಯಲು ಪ್ರಯತ್ನಿಸಲಿ.

ಆರು ಗಂಟೆಗೆ ಕಂಚಿ ಬಿಟ್ಟರೆ ರಾಣಿಪೇಟೆ ಅಥವಾ ಚಿತ್ತೂರಿನಲ್ಲಿ ಊಟ ಮುಗಿಸಿ ರಾತ್ರಿಯೇ ಕೋಲಾರ ಸೇರಬಹುದು. ಚಿತ್ತೂರು ಮತ್ತು ಪಲಮನೇರು ನಡುವಿನ ಮೊಗಿಲಿ ಘಾಟಿಯಲ್ಲಿ ಅಪಘಾತಗಳು ಹೆಚ್ಚು. ಬೆಳಗಿನ ಐದಕ್ಕೆ ಎದ್ದಿರುವ ಚಾಲಕರಿಗೆ ಅಲ್ಲಿ ನಿದ್ದೆ ಒತ್ತಿಕೊಂಡು ಬರುವ ಹೊತ್ತು. ವಾಹನ ಓಡಿಸುವವರು ಒಬ್ಬರೇ ಇದ್ದರೆ ಆ ರಾತ್ರಿ ಚಿತ್ತೂರಿನಲ್ಲಿ ತಂಗಿ, ಮರುದಿನ ಬೆಳಕಿನಲ್ಲಿ ಘಾಟಿ ಹತ್ತಿ.